ಸೋಮವಾರದ ಅಂಕಿ

ಗೋಡೆಗೆ ಅಡ್ಡವಾಗಿ ಮೊಳೆ ಹೊಡೆದಿದ್ದ ಉಕ್ಕಿನ ಪಟ್ಟಿಯ ಉದ್ದ ಸರಿಯಾಗಿ ಒಂದು ಮೀಟರ್ ಇತ್ತು.

ಇನ್ಸ್‌ಪೆಕ್ಟರ್ ಅದರ ಮೇಲಿದ್ದ ಟವೆಲ್ಲನ್ನು ಸರಿಸಿ ಎಡದಿಂದ ಬಲಕ್ಕೆ ಬೆರಳಾಡಿಸಿದ. ಸೊನ್ನೆಯಿಂದ ನೂರರವರೆಗೆ ಸಣ್ಣ ಗೆರೆಗಳು. ಬಲತುದಿಯನ್ನು ಯಾರೋ ನಾಜೂಕಾಗಿ ಕತ್ತರಿಸಿ, ಕೈಗೆ ಚುಚ್ಚದಂತೆ ಅರದಿಂದ ಉಜ್ಜಿದ್ದರು.

"ಇದೇನಮ್ಮ?"

ಬಾಗಿಲ ಬಳಿ ನಿಂತಿದ್ದ ಹೆಂಗಸು ಒಂದು ಕ್ಷಣ ಅದನ್ನು ನೋಡಿದಳು. "ಈಗ ಟವೆಲ್ ಹಾಕೋ ಕಂಬಿ. ಅದಕ್ಕೆ ಮೊದಲು ಅಣ್ಣನ ಟೇಪಿನ ತುದಿ."

ಅವಳ ಅಣ್ಣ ಈ ಸುತ್ತಿನ ನೆಲದೊಳಗಿನ ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುವವನು. ಅವನನ್ನು ಮೂರು ವಾರದಿಂದ ಯಾರೂ ಕಂಡಿರಲಿಲ್ಲ. ಆದರೆ ಅವನು ಬರೆಯಬೇಕಾದ ಅಂಕಿ ಮಾತ್ರ ಪ್ರತಿ ಸೋಮವಾರ ನೀರಿನ ಸಂಘದ ಹಲಗೆಯ ಮೇಲೆ ತಪ್ಪದೆ ಬಂದಿತ್ತು.

"ತುದಿ ಯಾಕೆ ಕತ್ತರಿಸಿದ್ರು?"

"ಎರಡು ವರ್ಷದ ಹಿಂದೆ ಟ್ರ್ಯಾಕ್ಟರ್ ಹತ್ತಿ ಮುರುಟಿಹೋಗಿತ್ತು ಸಾರ್. ತಟ್ಟಿ ನೆಟ್ಟಗೆ ಮಾಡಿದ, ಆದರೂ ನೀರು ಅಳೆಯೋ ಕೊಳವೆಗೆ ಇಳಿಸಿದ್ರೆ ಸಿಕ್ಕಿಕೊಳ್ತಿತ್ತು. ಒಂದು ಮೀಟರ್ ಕತ್ತರಿಸಿ ಬಟ್ಟಲನ್ನ ಒಂದರ ಗೆರೆಗೆ ಕಟ್ಟಿಕೊಂಡ."

"ಬಟ್ಟಲು?"

"ಹಿತ್ತಾಳೆ ಬಟ್ಟಲು, ಬೋರಲಾಗಿ ಕಟ್ಟೋದು. ನೀರು ಮುಟ್ಟಿದ ತಕ್ಷಣ ಗುಳುಂ ಅನ್ನುತ್ತೆ. ಆಗ ಕೊಳವೆಯ ಬಾಯಲ್ಲಿ ಟೇಪು ಎಷ್ಟಿದೆ ನೋಡೋದು. ಊರಲ್ಲಿ ಇವನಿಗೆ ಗುಳುಂ ಸಾಹೇಬ್ರು ಅಂತಲೇ ಹೆಸರು. ನನ್ನ ಮುಂದೆಯೇ ಕರೀತಾರೆ, ನಗು ತಡಕೊಂಡು."

"ಅಂದ್ರೆ ಟೇಪು ಮೂವತ್ತು ತೋರಿಸಿದ್ರೆ ನೀರು ಇರೋದು ಇಪ್ಪತ್ತೊಂಬತ್ತರಲ್ಲಿ."

"ಹೂಂ. ಒಂದು ಕಳೆದು ಬರೀಬೇಕು."

"ಇದು ಯಾರ್ಯಾರಿಗೆ ಗೊತ್ತು?"

"ಕತ್ತರಿಸುವಾಗ ಇನ್ನೊಂದು ತುದಿ ಹಿಡಿದುಕೊಂಡಿದ್ದು ನಾನು. ನನಗೆ ಗೊತ್ತು, ಅವನಿಗೆ ಗೊತ್ತು." ಅವಳು ಸ್ವಲ್ಪ ತಡೆದಳು. "ಬೇರೆಯವರು ಕೇಳಿದ್ರೆ ಹೇಳ್ತಿದ್ದನೇನೋ. ಯಾರು ಕೇಳಬೇಕು?"

ಕೋಣೆಯಲ್ಲಿ ಒಂದು ಮಂಚ, ಒಂದು ತಟ್ಟೆ, ಎರಡು ಲೋಟ. ಎರಡನೆಯ ಲೋಟ ಕಪಾಟಿನ ಹಿಂಬದಿಯಲ್ಲಿತ್ತು. ತಿಂಗಳಿಗೊಮ್ಮೆ ಬರುವ ತಂಗಿಯದು. ಮೊನ್ನೆ ಶುಕ್ರವಾರ ಅವಳು ಬಂದು ಬೀಗ ತೆಗೆದಾಗ ಮೇಜಿನ ಮೇಲಿದ್ದ ಬ್ರೆಡ್ಡಿಗೆ ಹಸಿರು ಬೂಷ್ಟು ಹಿಡಿದಿತ್ತು. ಅಂಗಿಗಳು ಇದ್ದವು, ಚೀಲ ಇತ್ತು, ರಕ್ತದೊತ್ತಡದ ಮಾತ್ರೆಗಳೂ ಇದ್ದವು. ಹೋಗುತ್ತೇನೆಂದು ಹೋದವನ ಕೋಣೆಯಾಗಿರಲಿಲ್ಲ ಅದು.

ಅವಳು ಇನ್ನೂ ನಿಂತೇ ಇದ್ದಳು. ಇಪ್ಪತ್ತು ವರ್ಷದಿಂದ ಬಸ್ ಕಂಡಕ್ಟರ್. ಖಾಲಿ ಕುರ್ಚಿ ಕಂಡರೆ ಅದು ಬೇರೆ ಯಾರಿಗೋ ಎನ್ನಿಸುವ ಅಭ್ಯಾಸ.

"ಸಾರ್, ಒಂದು ಕೇಳ್ಲಾ?"

"ಕೇಳಿ."

"ಅಣ್ಣ ಬದುಕಿದ್ದಾನಾ?"

ಇನ್ಸ್‌ಪೆಕ್ಟರ್ ಟವೆಲ್ಲನ್ನು ಮತ್ತೆ ಪಟ್ಟಿಯ ಮೇಲೆ, ಮೊದಲಿದ್ದ ಮಡಿಕೆಯಲ್ಲೇ ಹಾಕಿದ. "ಅಂಕಿ ಬರೆದವರು ಯಾರು ಅಂತ ತಿಳಿಯಲಿ," ಎಂದ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

*

ಸಂಘದ ಕಚೇರಿಯ ಹೊರಗೋಡೆಗೆ ಕಪ್ಪು ಹಲಗೆ. ಭಾನುವಾರ ಸಂಜೆಯ ಬಿಸಿಲು ಅದರ ಮೇಲೆ ಓರೆಯಾಗಿ ಬಿದ್ದಿತ್ತು. ಕಳೆದ ಸೋಮವಾರ ಬರೆದದ್ದು ಇನ್ನೂ ಹಾಗೇ ಇತ್ತು: 29.6.

ಕಾರ್ಯದರ್ಶಿ ಒಂದು ಕನ್ನಡಕ ಕಣ್ಣಿಗೆ, ಇನ್ನೊಂದು ಹಣೆಗೆ ಏರಿಸಿಕೊಂಡು ದಪ್ಪ ಪುಸ್ತಕ ತೆರೆದ. "ಪ್ರತಿ ಸೋಮವಾರ ಒಂಬತ್ತಕ್ಕೆ ಬರ್ತೀನಿ ಸಾರ್. ಹಲಗೆ ನೋಡ್ತೀನಿ, ಇದರಲ್ಲಿ ಬರ್ಕೋತೀನಿ. ಆಮೇಲೆ ಎಲ್ಲರೂ ಪಂಪು ಶುರು ಮಾಡ್ತಾರೆ."

"ಅಳತೆಯವರನ್ನ ಕೊನೆಗೆ ನೋಡಿದ್ದು ಯಾವಾಗ?"

ಕಾರ್ಯದರ್ಶಿ ಯೋಚಿಸಿದ. ಹಣೆಯ ಕನ್ನಡಕ ಜಾರಿ ಮೂಗಿನ ಕನ್ನಡಕದ ಮೇಲೆ ಬಿತ್ತು. "ನೋಡಿದ್ದು ಅಂದ್ರೆ... ಅವರನ್ನ ಯಾಕೆ ನೋಡಬೇಕು ಸಾರ್? ಅಂಕಿ ಇರ್ತಿತ್ತಲ್ಲ."

ಇನ್ಸ್‌ಪೆಕ್ಟರ್ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡ. ತನ್ನ ಠಾಣೆಯ ಹಾಜರಿ ಪುಸ್ತಕ ಅವನ ಕಣ್ಣಮುಂದೆ ಬಂತು. ದಿನವೂ ಅದೇ ಜಾಗದಲ್ಲಿ ಅದೇ ಸಹಿ. ಆ ಸಹಿಯನ್ನು ಬೇರೆ ಯಾರಾದರೂ ಹಾಕಿದರೆ ತನ್ನನ್ನು ಹುಡುಕಲು ಎಷ್ಟು ದಿನ ಹಿಡಿಯಬಹುದು?

ಪುಸ್ತಕದ ಕೊನೆಯ ನಾಲ್ಕು ಸಾಲು ಹೀಗಿದ್ದವು: 28.6. ಆಮೇಲೆ 29.6. ಮತ್ತೆ 29.6. ಮತ್ತೆ 29.6.

"ಒಂದೇ ವಾರದಲ್ಲಿ ನೀರು ಒಂದು ಮೀಟರ್ ಕೆಳಗೆ ಹೋಯ್ತು. ನಿಮಗೆ ಅನುಮಾನ ಬರಲಿಲ್ವಾ?"

"ಬಂತು ಸಾರ್. ನೀರಿನ ಮೇಲೆ ಬಂತು. ಅವರ ಮೇಲೆ ಯಾಕೆ ಬರುತ್ತೆ?"

"ಆಮೇಲೆ?"

"ಆಮೇಲೆ ಏನು, ಗಲಾಟೆ. ಇಪ್ಪತ್ತೊಂಬತ್ತರ ಗೆರೆ ದಾಟಿದ್ರೆ ದಿನಕ್ಕೆ ನಾಲ್ಕು ಗಂಟೆ ಪಂಪು ಎರಡು ಗಂಟೆಗೆ ಇಳಿಯುತ್ತೆ. ನಾಲ್ಕು ವರ್ಷದ ಹಿಂದೆ ಬಾವಿಗಳೆಲ್ಲ ಬತ್ತಿ ಬಾಯಿ ಬಿಟ್ಟಾಗ ನಾವೇ ನಲವತ್ತೊಂದು ಜನ ಕೂತು ಮಾಡಿಕೊಂಡ ನಿಯಮ. ಯಾರೂ ಮುರಿಯಲ್ಲ. ಆದರೆ ಬೈಯೋಕೆ ಏನಡ್ಡಿ? ಮೂರು ವಾರದಿಂದ ನನ್ನ ಕಿವಿ ಕಾದ ಕಾವಲಿ ಆಗಿದೆ."

"ನಲವತ್ತೊಂದು ಜನವೂ ಬೈದ್ರಾ?"

"ನಲವತ್ತು." ಕಾರ್ಯದರ್ಶಿ ನಕ್ಕ. "ಹಸಿರುಮನೆಯವರು ಮಾತ್ರ ಬಯ್ಯಲಿಲ್ಲ. ಪೂರ್ವದ ಕಡೆ ಪ್ಲಾಸ್ಟಿಕ್ ಚಪ್ಪರ ಕಾಣುತ್ತಲ್ಲ, ಒಳಗೆ ಹೂವು ಬೆಳೀತಾರೆ. ಫೋನ್ ಮಾಡಿ ಹೇಳಿದೆ. ಎರಡು ಗಂಟೆನಾ, ಸರಿ ಅಂದು ಇಟ್ರು. ಒಳ್ಳೆ ಮನುಷ್ಯ."

ಇನ್ಸ್‌ಪೆಕ್ಟರ್ ಆ ಕಡೆ ತಿರುಗಿ ನೋಡಿದ. ದೂರದಲ್ಲಿ ಬಿಳಿಯ ಚಪ್ಪರ ಮಲಗಿದ ಪ್ರಾಣಿಯ ಹಾಗಿತ್ತು.

"ಅಳತೆಯವರ ಜೊತೆ ಯಾರಿಗಾದರೂ ಜಗಳ?"

"ರಿಗ್ಗಣ್ಣ," ಎಂದು ಕಾರ್ಯದರ್ಶಿ ತಕ್ಷಣ ಹೇಳಿದ. ಕಾದಿಟ್ಟುಕೊಂಡಿದ್ದ ಹೆಸರಿನಂತಿತ್ತು ಅದು. "ಬೋರ್‌ವೆಲ್ ಕೊರೆಯೋ ಲಾರಿ ಅವನದು. ಹೊಸ ಬೋರು ಕೊರೀಬಾರದು ಅಂತ ನಿಯಮ ಆದ ಮೇಲೆ ಲಾರಿ ನಿಂತಲ್ಲೇ ನಿಂತಿದೆ, ಅದರೊಳಗೆ ಬೆಕ್ಕು ಮರಿ ಹಾಕಿದೆ. ಎರಡು ತಿಂಗಳ ಹಿಂದೆ ಸಭೆಯಲ್ಲೇ ಎದ್ದು ನಿಂತು, ನಿನ್ನ ಅಳತೆ ಕೊಳವೆಯೊಳಗೇ ನಿನ್ನ ತುರುಕ್ತೀನಿ ಅಂದ."

"ಕೊಳವೆ ಎಷ್ಟು ಅಗಲ?"

"ಆರು ಇಂಚು ಸಾರ್."

"ಸರಿ."

ಹಿಂದಿರುಗುವ ದಾರಿಯಲ್ಲಿ ತಂಗಿ ಅವನ ಜೊತೆ ನಡೆದಳು. ಸಂಜೆ ಆರಾಗಿತ್ತು. ಸುತ್ತಲಿನ ಪಂಪುಗಳು ಒಂದೊಂದಾಗಿ ನಿಲ್ಲತೊಡಗಿದವು. ನಾಳೆ ಒಂಬತ್ತರವರೆಗೆ ಯಾರೂ ಪಂಪು ಹಾಕುವಂತಿಲ್ಲ. ಅಳೆಯುವ ಮೊದಲು ನೀರು ತಂಗಬೇಕು, ಬಟ್ಟಲಿನ ಸದ್ದು ಕೇಳಿಸಬೇಕು.

"ಅಂಕಿ ಬರೆದವನ ಹತ್ತಿರ ನಿಮ್ಮ ಅಣ್ಣನ ಟೇಪಿದೆ," ಇನ್ಸ್‌ಪೆಕ್ಟರ್ ಹೇಳಿದ. "ಒಂದು ಕಳೀಬೇಕು ಅನ್ನೋದು ಮಾತ್ರ ಅವನಿಗೆ ಗೊತ್ತಿಲ್ಲ."

"ಕದ್ದವನು."

"ಕದ್ದವನು ನಿಜವಾಗಿ ಯಾಕೆ ಅಳೀತಾನೆ? ಬಾಯಿಗೆ ಬಂದದ್ದು ಬರೀಬಹುದಿತ್ತು. ನೀರು ಬೇಕಾದವನು ಇಪ್ಪತ್ತೆಂಟು ಅಂತ ಬರೀತಿದ್ದ. ಇವನು ಬೆಳಿಗ್ಗೆ ಎದ್ದು, ಬಂದು, ಬಟ್ಟಲು ಇಳಿಸಿ, ಕಿವಿಕೊಟ್ಟು ಕೂತು, ಕಂಡದ್ದನ್ನ ಕಂಡ ಹಾಗೆ ಬರೆದಿದ್ದಾನೆ. ತನಗೇ ನಷ್ಟ ಆದ್ರೂ."

"ಪ್ರಾಮಾಣಿಕ ಅನ್ನಿ," ಎಂದಳು. "ನಾಳೆ ಸೋಮವಾರ. ಪ್ರಾಮಾಣಿಕರ ಮುಖ ನೋಡೋಣ."

*

ಬೆಳಗಿನ ಐದೂವರೆಗೆ ಅವರಿಬ್ಬರೂ ಅಳತೆ ಕೊಳವೆಯ ಪಕ್ಕದ ತಗಡಿನ ಗುಡಿಸಲಿನ ಹಿಂದೆ ಕಾದಿದ್ದರು; ಅವನು ಕೂತು, ಅವಳು ನಿಂತು. ಬೆಳಕು ಇನ್ನೂ ಬೂದಿಯ ಬಣ್ಣದಲ್ಲಿತ್ತು. ಹೊಲಗಳ ನಡುವೆ ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತ ಒಂದು ಕಬ್ಬಿಣದ ಕೊಳವೆ, ಅದಕ್ಕೊಂದು ಮುಚ್ಚಳ. ಇಷ್ಟು ಜನರ ಬದುಕನ್ನು ನಿರ್ಧರಿಸುವ ವಸ್ತು ಇಷ್ಟು ಬಡಪಾಯಿಯಾಗಿರುತ್ತದೆ ಎಂದು ಇನ್ಸ್‌ಪೆಕ್ಟರ್ ಅಂದುಕೊಂಡಿರಲಿಲ್ಲ.

ನಿಶ್ಶಬ್ದ ಎಷ್ಟಿತ್ತೆಂದರೆ ತಂಗಿಯ ಕೈಗಡಿಯಾರ ಕೇಳಿಸುತ್ತಿತ್ತು.

"ನಿಮ್ಮ ಮನೇಲಿ ಯಾರ್ಯಾರಿದ್ದೀರಿ ಸಾರ್?"

"ನಾನು."

ಅವಳು ಕೈಗಡಿಯಾರದ ಮೇಲೆ ಅಂಗೈ ಮುಚ್ಚಿದಳು. "ನನ್ನ ಬಸ್ಸಲ್ಲಿ ಒಬ್ಬರು ಇದ್ರು. ಎಂಟು ವರ್ಷ ಅದೇ ಸೀಟು, ಎಡಗಡೆ ಮೂರನೇದು. ಚಿಲ್ಲರೆ ಎಣಿಸಿ ಇಟ್ಟುಕೊಂಡಿರ್ತಿದ್ರು. ಒಂದಿನ ಇದ್ದಕ್ಕಿದ್ದ ಹಾಗೆ ಅನ್ನಿಸ್ತು, ಅವರು ಎಲ್ಲಿ ಅಂತ. ಬರೋದು ನಿಲ್ಲಿಸಿ ಎಷ್ಟು ದಿನ ಆಗಿತ್ತೋ. ಸೀಟು ಖಾಲಿ ಇರಲಿಲ್ಲವಲ್ಲ ಸಾರ್, ಬೇರೆ ಯಾರೋ ಕೂತಿರ್ತಿದ್ರು. ಹಾಗಾಗಿ ಗೊತ್ತಾಗಲಿಲ್ಲ."

ಇನ್ಸ್‌ಪೆಕ್ಟರ್ ಬೆರಳೆತ್ತಿದ.

ಬದುವಿನ ಮೇಲೆ ಒಬ್ಬ ಮನುಷ್ಯ ಬರುತ್ತಿದ್ದ. ಅಗಲ ಭುಜ, ತಲೆಗೆ ಸುತ್ತಿದ ವಸ್ತ್ರ, ಕಂಕುಳಲ್ಲಿ ಚಪ್ಪಟೆ ಡಬ್ಬಿ. ಕೊಳವೆಯ ಮುಂದೆ ಮಂಡಿಯೂರಿದ. ಮುಚ್ಚಳ ತಿರುಗಿಸಿ ತೆಗೆದ. ಡಬ್ಬಿಯಿಂದ ಟೇಪು ಎಳೆದು, ತುದಿಯ ಹಿತ್ತಾಳೆ ಬಟ್ಟಲನ್ನು ಅಂಗಿಯ ಅಂಚಿನಲ್ಲಿ ಒರೆಸಿ, ಮೆಲ್ಲಗೆ ಕೊಳವೆಯೊಳಗೆ ಇಳಿಬಿಟ್ಟ. ಅಷ್ಟು ದೊಡ್ಡ ಕೈಗಳು ಅಷ್ಟು ಮೆತ್ತಗೆ ಕೆಲಸ ಮಾಡುವುದನ್ನು ನೋಡುವುದೇ ಒಂದು ವಿಚಿತ್ರವಾಗಿತ್ತು.

ಇನ್ಸ್‌ಪೆಕ್ಟರ್ ಎದ್ದು ಅವನ ಬೆನ್ನ ಹಿಂದೆ ಹೋಗಿ ನಿಂತ. ನಿಂತವನು ತಾನೂ ಉಸಿರು ಬಿಗಿಹಿಡಿದಿದ್ದ.

ಬಹಳ ಕೆಳಗಿನಿಂದ, ನಿದ್ದೆಯಲ್ಲಿ ಯಾರೋ ತುಟಿ ಬಿಚ್ಚಿದ ಹಾಗೆ, ಗುಳುಂ.

"ಎಷ್ಟು?" ಇನ್ಸ್‌ಪೆಕ್ಟರ್ ಕೇಳಿದ.

"ಇಪ್ಪತ್ತೊಂಬತ್ತು ಪಾಯಿಂಟ್ ಆರು," ಎಂದ ಮನುಷ್ಯ. ಆಮೇಲೆ ತಿರುಗಿದ.

ಅದು ರಿಗ್ ಲಾರಿಯ ರಿಗ್ಗಣ್ಣ. ಅವನು ಓಡಲಿಲ್ಲ. ಟೇಪನ್ನು ಬಿಡಲೂ ಇಲ್ಲ. ಬಿಟ್ಟರೆ ಬಟ್ಟಲು ಕೆಳಗೆ ಹೋಗುತ್ತಿತ್ತು.

ತಂಗಿ ಬಂದು ಅವನ ಕೈಯಿಂದ ಡಬ್ಬಿ ಕಿತ್ತುಕೊಂಡಳು. "ಇದು ನಮ್ಮಣ್ಣಂದು. ಅವನೆಲ್ಲಿ?"

"ಗೊತ್ತಿಲ್ಲಮ್ಮ."

"ಅವನು ಗೊತ್ತಿಲ್ಲ, ಅವನ ಟೇಪು ಮಾತ್ರ ಗೊತ್ತು."

"ಇಲ್ಲೇ ನೇತಾಡ್ತಿತ್ತು. ಈಗ ಹೇಗಿದೆ ಹಾಗೇ, ಬಟ್ಟಲು ನೀರಲ್ಲಿ, ಡಬ್ಬಿ ಕೊಳವೆಯ ಬಾಯಿಗೆ ಅಡ್ಡ. ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು. ಸುತ್ತ ಮುತ್ತ ಯಾರೂ ಇರಲಿಲ್ಲ."

"ಯಾವತ್ತು?" ಇನ್ಸ್‌ಪೆಕ್ಟರ್ ಕೇಳಿದ.

"ಇವತ್ತಿಗೆ ಮೂರು ವಾರ. ಸೋಮವಾರ, ಆರೂವರೆ ಹೊತ್ತಿಗೆ."

"ನೀವು ಯಾಕೆ ಬಂದಿದ್ರಿ? ಜಗಳ ಮುಂದುವರಿಸೋಕಾ?"

ರಿಗ್ಗಣ್ಣ ತಲೆ ತಗ್ಗಿಸಿದ. "ಮುಗಿಸೋಕೆ. ಊರ ಮುಂದೆ ಬಯ್ಯೋದು ಸುಲಭ ಸಾರ್. ಊರ ಮುಂದೆ ತಪ್ಪಾಯ್ತು ಅನ್ನೋದು ಕಷ್ಟ. ಇಲ್ಲಾದ್ರೆ ಅವರೊಬ್ಬರೇ ಇರ್ತಾರೆ, ಹೇಳಿ ಹೋಗೋಣ ಅಂತ ಬಂದೆ."

"ಬಂದು ಟೇಪು ಎತ್ಕೊಂಡು ಮನೆಗೆ ಹೋದ್ರಿ."

"ಮನೆಗಲ್ಲ. ಕಚೇರಿ ಹತ್ತಿರ ಹೋದೆ. ಹಲಗೆ ಮೇಲೆ ಆಗಲೇ ಅಂಕಿ ಇತ್ತು. ಸರಿ, ಬರೆದು ಹೋಗಿದ್ದಾರೆ, ವಯಸ್ಸಾಯ್ತು, ಟೇಪು ಮರೆತಿದ್ದಾರೆ ಅಂದ್ಕೊಂಡೆ. ಮನೆಗೆ ಹೋಗಿ ಬಾಗಿಲು ತಟ್ಟಿದೆ. ಬೀಗ. ಮಾರನೇ ದಿನ ಹೋದೆ. ಬೀಗ. ಒಂದು ವಾರ ದಿನಾ ಹೋದೆ ಸಾರ್."

"ಪೊಲೀಸಿಗೆ ಹೇಳಬೇಕಿತ್ತು."

"ಹೇಳಿದ್ರೆ ನೀವು ಮೊದಲು ಯಾರನ್ನ ಹಿಡೀತಿದ್ರಿ?"

ಆ ಪ್ರಶ್ನೆಗೆ ಕಾರ್ಯದರ್ಶಿ ನಿನ್ನೆಯೇ ಉತ್ತರ ಕೊಟ್ಟಾಗಿತ್ತು.

"ಆಮೇಲೆ ಸೋಮವಾರ ಬಂತು," ರಿಗ್ಗಣ್ಣ ಹೇಳಿದ. "ಹಲಗೆ ಖಾಲಿ ಇದ್ರೆ ಒಂಬತ್ತು ಗಂಟೆಗೆ ಊರೇ ಸೇರುತ್ತೆ. ಗುಳುಂ ಸಾಹೇಬ್ರು ಎಲ್ಲಿ ಅಂತ ಕೇಳುತ್ತೆ. ಅಂಕಿ ಇದ್ರೆ ಯಾರೂ ಕೇಳಲ್ಲ. ಅವರು ಬರೋವರೆಗೂ ಹೀಗೇ ತಳ್ಳೋಣ ಅಂದ್ಕೊಂಡೆ. ಒಂದಲ್ಲ ಒಂದಿನ ಬರ್ತಾರೆ ಅಂತಿದ್ದೆ."

"ನೀನು ತಳ್ಳಿದ್ದಕ್ಕೆ ಅವನನ್ನ ಯಾರೂ ಹುಡುಕಲಿಲ್ಲ," ತಂಗಿ ಹೇಳಿದಳು. ಅವಳ ದನಿ ಏರಲಿಲ್ಲ. "ಮೂರು ವಾರ. ನೀನು ಬರೀದೆ ಇದ್ದಿದ್ರೆ ಎರಡನೇ ಸೋಮವಾರಕ್ಕೇ ಹುಡುಕ್ತಿದ್ರು."

ರಿಗ್ಗಣ್ಣನಿಗೆ ಅದು ಈಗ ಹೊಳೆದಂತೆ ಕಂಡಿತು.

"ಸುಮ್ಮನೆ ಏನೋ ಒಂದು ಬರೀಬಹುದಿತ್ತಲ್ಲ," ಇನ್ಸ್‌ಪೆಕ್ಟರ್ ಕೇಳಿದ. "ಅಳೆಯೋಕೆ ಯಾಕೆ ಬಂದ್ರಿ?"

"ನೋಡಿದೆ ಸಾರ್. ಸೀಮೆಸುಣ್ಣ ಹಿಡಿದು ನಿಂತೆ. ಕೈ ಬರಲಿಲ್ಲ. ನೀರಿನ ವಿಷಯ."

ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಅವನು ಊಹಿಸಿದಂತೆಯೇ ಎಲ್ಲವೂ ಇತ್ತು. ಒಂದನ್ನು ಬಿಟ್ಟು.

"ನೀವು ಬಂದಾಗ ಹಲಗೆ ಮೇಲೆ ಅಂಕಿ ಇತ್ತು ಅಂದ್ರಿ. ಎಷ್ಟಿತ್ತು?"

"ಅದೇ. ಇಪ್ಪತ್ತೊಂಬತ್ತು ಪಾಯಿಂಟ್ ಆರು."

"ಅದನ್ನ ಬರೆದದ್ದು ನೀವಲ್ವಾ?"

"ನಾನು ಬರೆದದ್ದು ಎರಡೇ ವಾರ. ಇದು ಮೂರನೇದಾಗ್ತಿತ್ತು." ರಿಗ್ಗಣ್ಣ ಅಂಗಿಯ ಜೇಬಿನಿಂದ ಫೋನ್ ತೆಗೆದ. "ನಂಬಿಕೆ ಇಲ್ದಿದ್ರೆ ನೋಡಿ. ಹಲಗೆ ಫೋಟೋ ಪ್ರತಿ ವಾರ ಕಾರ್ಯದರ್ಶಿ ಎಲ್ಲರಿಗೂ ಕಳಿಸ್ತಾನೆ. ನನಗೂ ಅರ್ಧ ಎಕರೆ ಇದೆ, ನನಗೂ ಬರುತ್ತೆ. ನನ್ನ ಬರಹ ಕೋಳಿ ಕೆದರಿದ ಹಾಗೆ. ಅದು ನೋಡಿ, ಹೇಗಿದೆ."

ಮೂರು ಫೋಟೋಗಳು. ಎರಡರಲ್ಲಿ ಅಂಕಿಗಳು ಒಂದರ ಮೇಲೊಂದು ವಾಲಿಕೊಂಡಿದ್ದವು. ಮೊದಲನೆಯದರಲ್ಲಿ ನೆಟ್ಟಗೆ, ಸಮ ಎತ್ತರದಲ್ಲಿ ನಿಂತಿದ್ದವು. ಬಿಂದುವಿನ ಜಾಗದಲ್ಲಿ ಚುಕ್ಕೆಯಿರಲಿಲ್ಲ, ಪುಟ್ಟದೊಂದು ಉಂಗುರವಿತ್ತು. ನಲವತ್ತೊಂದು ಜನ ಮೂರು ವಾರ ಈ ಚಿತ್ರಗಳನ್ನು ನೋಡಿದ್ದರು. ಎಷ್ಟು ಎಂದು ನೋಡಿದ್ದರೇ ಹೊರತು ಯಾರ ಕೈ ಎಂದು ಯಾರೂ ನೋಡಿರಲಿಲ್ಲ.

ಇನ್ಸ್‌ಪೆಕ್ಟರ್ ಫೋನನ್ನು ತಂಗಿಯ ಕಡೆ ಹಿಡಿದ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಪರದೆ ತಾನಾಗಿ ಆರಿತು. ಅವಳೇ ಬೆರಳು ಮುಟ್ಟಿಸಿ ಮತ್ತೆ ಬೆಳಗಿಸಿದಳು.

"ಅಣ್ಣಂದೇ," ಎಂದಳು. "ಚಿಕ್ಕಂದಿನಿಂದ ಹೀಗೇ ಬರೀತಾನೆ. ಚುಕ್ಕೆ ಇಟ್ರೆ ಒರೆಸಿಹೋಗುತ್ತೆ ಅಂತ."

"ಅವತ್ತು ಕಳೆಯೋದು ಮರೆತಿರಬಹುದಾ?"

"ಎರಡು ವರ್ಷ ಸಾರ್. ನೂರು ಸೋಮವಾರ. ಜ್ವರದಲ್ಲಿ ಮಲಗಿ ಎದ್ದು ಬಂದಾಗಲೂ ಕಳೆದಿದ್ದಾನೆ. ಮರೆಯಲ್ಲ."

"ಹಾಗಾದ್ರೆ ಬೇಕು ಅಂತಲೇ ಸುಳ್ಳು ಬರೆದಿದ್ದಾರೆ."

ಅವಳು ಪರದೆಯ ಪುಟ್ಟ ಉಂಗುರದ ಮೇಲೆ ಬೆರಳಿಟ್ಟಳು.

ಇನ್ಸ್‌ಪೆಕ್ಟರ್ ಕೊಳವೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಜೀವಮಾನವಿಡೀ ಒಂದೇ ಒಂದು ಸುಳ್ಳು ಹೇಳುವ ಮನುಷ್ಯ ಅದನ್ನು ಯಾವುದಕ್ಕೆ ಖರ್ಚು ಮಾಡುತ್ತಾನೆ? ಆ ಅಂಕಿಯಿಂದ ಆದದ್ದು ಒಂದೇ. ಮಾರನೆಯ ದಿನದಿಂದ ಎಲ್ಲರ ಪಂಪೂ ಅರ್ಧಕ್ಕೆ ಇಳಿಯಿತು.

"ರಿಗ್ಗಣ್ಣ, ನಿಮಗೆ ನೆಲದೊಳಗಿನ ನೀರು ಗೊತ್ತು. ಇಷ್ಟೂ ಪಂಪು ಮೂರು ವಾರ ಅರ್ಧ ಹೊತ್ತು ಓಡಿದ್ರೆ ನೀರು ಎಷ್ಟು ಮೇಲೆ ಬರಬೇಕು?"

"ಒಂದು ಮೊಳಕ್ಕೆ ಕಡಿಮೆ ಇಲ್ಲ."

"ಅವತ್ತು ಟೇಪು ಎಷ್ಟು ತೋರಿಸ್ತು?"

"ಇಪ್ಪತ್ತೊಂಬತ್ತು ಪಾಯಿಂಟ್ ಆರು."

"ಇವತ್ತು?"

ರಿಗ್ಗಣ್ಣ ಕೈಯಲ್ಲಿದ್ದ ಟೇಪನ್ನು ನೋಡಿದ. ಕೊಳವೆಯ ಅಂಚನ್ನು ನೋಡಿದ. ಮತ್ತೆ ಟೇಪನ್ನು ನೋಡಿದ. "ಬೆರಳಷ್ಟೂ ಏರಿಲ್ಲ," ಎಂದ ನಿಧಾನವಾಗಿ. "ನಾನು ಬಂದು ಓದಿ ಬರೆದು ಹೋಗ್ತಿದ್ದೆ. ಯಾಕೆ ಏರಿಲ್ಲ ಅಂತ ಒಂದಿನವೂ... ಥೂ."

"ಎಲ್ಲರೂ ಉಳಿಸಿದ ನೀರನ್ನ ಯಾರೋ ಒಬ್ಬರು ಕುಡೀತಿದ್ದಾರೆ. ಅಳತೆಯವರಿಗೆ ಅನುಮಾನ ಇತ್ತು. ಎಲ್ಲರನ್ನೂ ಒಟ್ಟಿಗೆ ಅರ್ಧ ಮಾಡಿ ನೋಡಿದ್ರು. ಹಲಗೆ ಮೇಲೆ ಬರೆದಿಟ್ಟು ಮತ್ತೆ ಇಲ್ಲಿಗೇ ಬಂದಿದ್ದಾರೆ."

ರಿಗ್ಗಣ್ಣ ಟೇಪನ್ನು ಪೂರ್ತಿ ಮೇಲೆಳೆದು ತಂಗಿಯ ಕೈಗೆ ಕೊಟ್ಟ. ತಲೆಯ ವಸ್ತ್ರ ಬಿಚ್ಚಿದ. ನೆಲದ ಮೇಲೆ ಉದ್ದಕ್ಕೆ ಮಲಗಿ ಕಬ್ಬಿಣದ ಕೊಳವೆಗೆ ಕಿವಿ ಒತ್ತಿದ. ಕಣ್ಣು ಮುಚ್ಚಿದ.

ಗಾಳಿಯಿರಲಿಲ್ಲ. ಹೊಲಗಳ ಮೇಲೆ ಬೆಳಕು ಹರಡುತ್ತಿತ್ತು. ಎಲ್ಲಿಯೂ ಒಂದು ಪಂಪಿನ ಸದ್ದಿಲ್ಲ.

"ಬನ್ನಿ ಸಾರ್," ರಿಗ್ಗಣ್ಣ ಪಿಸುಗುಟ್ಟಿದ. "ಕಿವಿ ಇಡಿ."

ಕಬ್ಬಿಣ ತಣ್ಣಗಿತ್ತು. ಮೊದಲು ಇನ್ಸ್‌ಪೆಕ್ಟರ್‌ಗೆ ತನ್ನ ನಾಡಿಯ ಬಡಿತ ಮಾತ್ರ ಕೇಳಿಸಿತು. ಆಮೇಲೆ ಅದರ ಕೆಳಗೆ ಇನ್ನೊಂದು. ತಡೆಯಿಲ್ಲದ, ಒಂದೇ ಸಮನೆಯ ಗುಂಯ್ ಎನ್ನುವ ಕಂಪನ. ಕೇಳಿಸುವುದಕ್ಕಿಂತ ಹಲ್ಲಿಗೆ ತಾಗುವಂಥದ್ದು.

"ನೀರೊಳಗಿನ ಮೋಟಾರು," ರಿಗ್ಗಣ್ಣ ಹೇಳಿದ. "ಸಣ್ಣದಲ್ಲ. ಬಹಳ ಆಳದಲ್ಲಿದೆ, ದೂರವೂ ಇಲ್ಲ. ಸಾರ್, ಈ ಸುತ್ತಲಿನ ಪ್ರತಿ ಬೋರೂ ನಾನೇ ಕೊರೆದದ್ದು. ಎಲ್ಲಿ ಯಾವುದು ಎಷ್ಟು ಆಳ, ಕಣ್ಣು ಕಟ್ಟಿ ಬಿಟ್ರೂ ಹೇಳ್ತೀನಿ. ಇದು ನಾನು ಕೊರೆದದ್ದಲ್ಲ."

ತಂಗಿ ನಿಂತೇ ಇದ್ದಳು. ಟೇಪು ಅವಳ ಕೈಯಲ್ಲಿ ಸಡಿಲವಾಗಿ ಸುರುಳಿಯಾಗಿತ್ತು.

"ಕಳೆದ ಸಲ ಬಂದಾಗ ಹೇಳಿದ್ದ," ಎಂದಳು. "ಕೊಳವೆಗೆ ಕಿವಿ ಇಟ್ರೆ ಕೆಳಗೆ ಯಾರೋ ಇದ್ದ ಹಾಗೆ ಕೇಳಿಸುತ್ತೆ ಅಂತ. ನಾನು ನಕ್ಕೆ ಸಾರ್. ಒಬ್ಬನೇ ಇದ್ದೂ ಇದ್ದೂ ನಿನಗೆ ತಲೆ ಕೆಟ್ಟಿದೆ, ಬಂದು ನನ್ನ ಜೊತೆ ಇರು ಅಂದೆ. ಅವನೂ ನಕ್ಕ. ಇನ್ನೊಂದು ಸಲ ಹೇಳಲಿಲ್ಲ."

ಅವಳು ಬಂದು ಕೂತಳು. ಎರಡು ದಿನದಲ್ಲಿ ಇನ್ಸ್‌ಪೆಕ್ಟರ್ ಕಂಡಂತೆ ತಾನಾಗಿ ಅವಳು ಎಲ್ಲಾದರೂ ಕೂತದ್ದು ಇದೇ ಮೊದಲು. ಎರಡೂ ಕೈಗಳಿಂದ ಕೊಳವೆಯ ಬಾಯನ್ನು ಬಳಸಿ ಹಿಡಿದಳು. ಅವಳು ಕಿವಿ ಇಡುತ್ತಾಳೆ ಎಂದು ಇನ್ಸ್‌ಪೆಕ್ಟರ್ ಜಾಗ ಬಿಟ್ಟ.

ಅವಳು ಕಿವಿ ಇಡಲಿಲ್ಲ. ಬಗ್ಗಿ, ಕತ್ತಲೆಗೆ ಬಾಯಿ ಹತ್ತಿರ ತಂದು, ಪಕ್ಕದ ಕೋಣೆಯಲ್ಲಿ ಮಲಗಿದವನನ್ನು ಏಳಿಸುವ ಹಾಗೆ ಮೆಲ್ಲಗೆ ಕರೆದಳು.

"ಅಣ್ಣಾ."

ಕಂಪನ ನಿಂತಿತು.

ರಿಗ್ಗಣ್ಣ ಕೊಳವೆಯಿಂದ ಕಿವಿ ತೆಗೆಯಲಿಲ್ಲ. ಇನ್ಸ್‌ಪೆಕ್ಟರ್ ಎದ್ದು ನಿಂತು ಸುತ್ತ ನೋಡಿದ. ನಾಲ್ಕೂ ಕಡೆ ಬಯಲು, ಬದು, ಬೆಳಕು. ಒಂದು ನರಪಿಳ್ಳೆಯಿಲ್ಲ. ಪೂರ್ವಕ್ಕೆ, ಬೈಯದೆ ಉಳಿದ ಒಬ್ಬನೇ ಒಬ್ಬನ ಬಿಳಿಯ ಚಪ್ಪರ.

"ತಾನಾಗಿ ನಿಂತದ್ದಲ್ಲ ಸಾರ್," ರಿಗ್ಗಣ್ಣ ನೆಲದಿಂದಲೇ ಹೇಳಿದ. "ಯಾರೋ ಆರಿಸಿದ್ರು."